ಪದಚರ್ಚೆ: ವಿಮಾನಯಾನದ ‘ಸೇಫ್ಟಿ ಓವರ್‌ಸೈಟ್’ಗೆ ಕನ್ನಡದಲ್ಲಿ ಏನೆನ್ನೋಣ?

ಎಲ್ಲರಿಗೂ ನಮಸ್ಕಾರ.

ನಾಗರಿಕ ವಿಮಾನಯಾನದ ಬಗ್ಗೆ ಒಂದು ಲೇಖನ ಬರೆಯುತ್ತಿದ್ದೇನೆ. ವಿಮಾನ ಕಂಪನಿಗಳು ಸುರಕ್ಷತೆಯ ನಿಯಮ ಪಾಲಿಸುತ್ತಿವೆಯೇ ಎಂದು ಸರ್ಕಾರ ನೋಡುವ ಕೆಲಸ, ಅಂದರೆ ‘ಸೇಫ್ಟಿ ಓವರ್‌ಸೈಟ್’ ಎಂಬಲ್ಲಿಗೆ ಬಂದಾಗಲೆಲ್ಲ ಕೈ ನಿಲ್ಲುತ್ತದೆ. ನಿಯಂತ್ರಣ, ಮೇಲ್ವಿಚಾರಣೆ, ನಿಗಾ, ಉಸ್ತುವಾರಿ ಎಲ್ಲವನ್ನೂ ಇಟ್ಟು ನೋಡಿದೆ.

ಪದ ಸಡಿಲವಾದರೆ ಸುದ್ದಿಯೇ ತಿರುಚಿಹೋಗುತ್ತದೆ. 2014ರ ಜನವರಿಯಲ್ಲಿ ಅಮೆರಿಕದ ವಿಮಾನಯಾನ ಸಂಸ್ಥೆ ಎಫ್‌ಎಎ ತನ್ನ ಸುರಕ್ಷತಾ ಮೌಲ್ಯಮಾಪನದಲ್ಲಿ ಭಾರತವನ್ನು ಒಂದನೇ ದರ್ಜೆಯಿಂದ ಎರಡನೆಯದಕ್ಕೆ ಇಳಿಸಿತು. ಅದು ಅಳೆದದ್ದು ಏರ್ ಇಂಡಿಯಾವನ್ನಲ್ಲ, ಜೆಟ್ ಏರ್‌ವೇಸನ್ನೂ ಅಲ್ಲ. ಆ ಕಂಪನಿಗಳನ್ನು ನೋಡಿಕೊಳ್ಳಬೇಕಾದ ನಮ್ಮ ಸರ್ಕಾರಿ ಸಂಸ್ಥೆ ಡಿಜಿಸಿಎಯನ್ನು (ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ). ಹಾರಾಟ ತಪಾಸಕರ ಕೊರತೆ ಮುಖ್ಯ ಆಕ್ಷೇಪಗಳಲ್ಲೊಂದಾಗಿತ್ತು. ಆದರೆ ಪೆಟ್ಟು ಬಿದ್ದದ್ದು ಕಂಪನಿಗಳಿಗೆ: 2015ರ ಏಪ್ರಿಲ್‌ನಲ್ಲಿ ದರ್ಜೆ ಮರಳುವವರೆಗೆ ಅವು ಅಮೆರಿಕಕ್ಕೆ ಹೊಸ ಹಾರಾಟ ಶುರುಮಾಡುವಂತಿರಲಿಲ್ಲ. ಇದನ್ನು ‘ಭಾರತದ ವಿಮಾನಗಳ ಸುರಕ್ಷತೆ ಕುಸಿದಿದೆ’ ಎಂದು ಬರೆದರೆ ಓದುಗನಿಗೆ ಸುಳ್ಳು ಹೇಳಿದಂತೆ.

‘ನಿಯಂತ್ರಣ’ವನ್ನು ನಾನು ಒಪ್ಪುವುದಿಲ್ಲ. ಗೋಪುರದಲ್ಲಿ ಕೂತು ವಿಮಾನಕ್ಕೆ ದಾರಿ ಹೇಳುವವರೂ ವಾಯು ಸಂಚಾರ ನಿಯಂತ್ರಕರೇ. ಅವರು ವಿಮಾನ ನಿಲ್ದಾಣ ಪ್ರಾಧಿಕಾರದವರು. ಅದೇ ಪ್ಯಾರಾದಲ್ಲಿ ಡಿಜಿಸಿಎಯನ್ನೂ ನಿಯಂತ್ರಕ ಎಂದರೆ ಯಾರು ಯಾರೆಂದು ತಿಳಿಯುವುದಿಲ್ಲ. ನಿಯಮ ರೂಪಿಸಿ ಪರವಾನಗಿ ಕೊಡುವ ಕೆಲಸಕ್ಕೆ ‘ನಿಯಮನ’ ಸಾಕು. ‘ನಿಗಾ’ ಚೆಂದದ ಪದ, ಆದರೆ ಅದು ನೋಡುತ್ತದೆ ಅಷ್ಟೇ. ತಪ್ಪು ಕಂಡಾಗ ಪರವಾನಗಿ ಅಮಾನತು ಮಾಡುವ, ವಿಮಾನವನ್ನು ಹಾರದಂತೆ ನಿಲ್ಲಿಸುವ ಅಧಿಕಾರ ಅದರಲ್ಲಿ ಕೇಳಿಸುವುದಿಲ್ಲ. ‘ಉಸ್ತುವಾರಿ’ ಎಂದೊಡನೆ ಜಿಲ್ಲಾ ಉಸ್ತುವಾರಿ ಸಚಿವರು ನೆನಪಾಗುತ್ತಾರೆ, ಅಂದರೆ ನಡೆಸುವ ಹೊಣೆ ಹೊತ್ತವರು. ಡಿಜಿಸಿಎ ವಿಮಾನ ಓಡಿಸುವುದಿಲ್ಲ, ಓಡಿಸುವವರನ್ನು ನೋಡುತ್ತದೆ.

ಹಾಗಾಗಿ ನನ್ನ ಒಲವು ‘ಮೇಲುಸ್ತುವಾರಿ’ಯ ಕಡೆ. ಸರ್ಕಾರಿ ಶಾಲೆಗಳ ‘ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ’ಯಿಂದ ಹಳ್ಳಿಹಳ್ಳಿಗೂ ಗೊತ್ತಿರುವ ಪದವಿದು. ಪಾಠ ಮಾಡುವವರು ಮೇಷ್ಟ್ರು, ನಡೆಯುತ್ತಿದೆಯೇ ಎಂದು ನೋಡುವುದು ಸಮಿತಿ. ‘ಸುರಕ್ಷತಾ ಮೇಲುಸ್ತುವಾರಿ’ ಎಂದರೆ ದಂಡಿಸುವ ಅಧಿಕಾರವೂ ಹೊಳೆಯುತ್ತದೆಯೇ? ಅಲ್ಲಿ ಮಾತ್ರ ನನಗಿನ್ನೂ ಅನುಮಾನವಿದೆ.

ಇನ್ನು ‘ಸುರಕ್ಷತೆ’ ಇರಬೇಕಾದಲ್ಲಿ ‘ಭದ್ರತೆ’ ಬಳಸುವುದು ನಿಲ್ಲಬೇಕು. ಅಪಹರಣ, ಬಾಂಬು, ಬ್ಯಾಗು ತಪಾಸಣೆ ಇವು ಭದ್ರತೆ. ಅದಕ್ಕೆ ಬಿಸಿಎಎಸ್ ಎಂಬ ಬೇರೆಯೇ ಸಂಸ್ಥೆ ಇದೆ. 2010ರ ಮೇ 22ರಂದು ಮಂಗಳೂರಿನ ಬಜ್ಪೆಯ ವಿಮಾನ ಅಪಘಾತದಲ್ಲಿ 158 ಜನ ಸತ್ತದ್ದು ಭದ್ರತಾ ಲೋಪದಿಂದಲ್ಲ. ಇಳಿಯುವ ಹಾದಿ ಸರಿಯಿಲ್ಲ, ಮತ್ತೆ ಮೇಲೇರೋಣ ಎಂದು ಸಹಪೈಲಟ್ ಹೇಳಿದರೂ ಕ್ಯಾಪ್ಟನ್ ಇಳಿಸಲು ಹೊರಟಿದ್ದರು ಎಂದು ವಿಚಾರಣೆಯಲ್ಲಿ ತಿಳಿಯಿತು. ಇದು ಸುರಕ್ಷತೆಯ ಮಾತು. ಅಪಘಾತಗಳ ತನಿಖೆಗೆ ಡಿಜಿಸಿಎಯಿಂದ ಪ್ರತ್ಯೇಕವಾದ ಎಎಐಬಿ ಎಂಬ ತನಿಖಾ ಸಂಸ್ಥೆ ಬಂದದ್ದು 2012ರಲ್ಲಿ. ಮೇಲುಸ್ತುವಾರಿಯಲ್ಲೇ ಲೋಪವಿದ್ದರೆ ಅದನ್ನು ಹೇಳಲು ಬೇರೆಯವರೇ ಬೇಕಲ್ಲ.

ಇನ್ನೊಂದು ಪ್ರಶ್ನೆ. ‘ಏರ್‌ವರ್ದಿನೆಸ್’ಗೆ ‘ಹಾರಾಟಯೋಗ್ಯತೆ’ ಎಂದು ಬರೆದಿದ್ದೇನೆ. ಬೆಂಗಳೂರಿನ ಎಚ್‌ಎಎಲ್‌ನಲ್ಲೋ ಜಕ್ಕೂರಿನಲ್ಲೋ ದುಡಿದವರು ಇಲ್ಲಿದ್ದರೆ, ವಿಮಾನ ಹಾರಲು ತಕ್ಕುದಾಗಿದೆ ಎಂಬುದನ್ನು ಹ್ಯಾಂಗರಿನಲ್ಲಿ ಕನ್ನಡದವರು ತಮ್ಮೊಳಗೆ ಹೇಗೆ ಹೇಳಿಕೊಳ್ಳುತ್ತಿದ್ದರು ಎಂದು ದಯವಿಟ್ಟು ತಿಳಿಸಿ.