ಸೊಂಟನೋವು ಇದೆ, ಕ್ರಾಸ್‌ಫಿಟ್ ತರದ ಜಿಮ್‌ಗೆ ಸೇರಲಾ? ಅನುಭವ ಇದ್ದವರು ಹೇಳಿ

ಕುರ್ಚಿಕೆಲಸ: ವಯಸ್ಸು 38, ಇಡೀ ದಿನ ಕೂತು ಮಾಡುವ ಕೆಲಸ. ಆಗಾಗ ಸೊಂಟ ಹಿಡಿದುಕೊಳ್ಳುತ್ತದೆ. ಮನೆ ಹತ್ತಿರ ಕ್ರಾಸ್‌ಫಿಟ್ ತರದ ಜಿಮ್ ತೆರೆದಿದ್ದಾರೆ, ಭಾರ ಎತ್ತುವುದು, ಪುಲ್-ಅಪ್, ಓಟ ಎಲ್ಲ ಬಿರುಸಾಗಿ ಮಾಡಿಸುತ್ತಾರಂತೆ. ಸೇರಬಹುದಾ?

ಬಲಭುಜ: ನನ್ನ ಕಥೆ ಕೇಳಿ. ಕಿಪ್ಪಿಂಗ್ ಪುಲ್-ಅಪ್, ಅಂದರೆ ಮೈ ಜೋಲಿ ಹೊಡೆದು ಆ ವೇಗದಲ್ಲಿ ಮೇಲೇರುವುದು, ಮಾಡುವಾಗ ಭುಜದೊಳಗೆ ಟಕ್ ಅಂತು. ‘ಮೈ ಬಿಸಿಯಾದರೆ ಸರಿಹೋಗುತ್ತೆ’ ಅಂದ ಕೋಚ್. ಎಂಆರ್‌ಐ 7,500. ಸರಿಯಾಗಿ ಕಾಣಲಿಲ್ಲವೆಂದು ಕಾಂಟ್ರಾಸ್ಟ್ ಹಾಕಿ ಮತ್ತೆ 11,000. ಸ್ಲ್ಯಾಪ್ ಟೇರ್, ಅಂದರೆ ಭುಜದ ಕೀಲಿನ ಮೆದುಮೂಳೆಯ ಅಂಚು ಹರಿದಿತ್ತು. ಫಿಸಿಯೋ ಒಂದು ಸಲಕ್ಕೆ 800. ಅಡ್ಮಿಟ್ ಆಗಲಿಲ್ಲ ಅಂತ ವಿಮೆಯವರು ಬಿಡಿಗಾಸು ಕೊಡಲಿಲ್ಲ. ವರ್ಷದ ಫೀಸ್ ವಾಪಸ್ ಕೇಳಿದರೆ ‘ಬೇಕಾದರೆ ಫ್ರೀಜ್ ಮಾಡುತ್ತೇವೆ’ ಅಂದರು. ಭುಜವೂ ಫ್ರೀಜ್, ದುಡ್ಡೂ ಫ್ರೀಜ್.

ಬೆಳಗಿನಬ್ಯಾಚ್: ಜೋಲಿ ಹೊಡೆಯದ ಸ್ಟ್ರಿಕ್ಟ್ ಪುಲ್-ಅಪ್ ಐದು ಬಾರದವರು ಕಿಪ್ಪಿಂಗ್‌ಗೆ ಇಳಿದರೆ ಇನ್ನೇನಾಗಬೇಕು ಸರ್? ನಾನು 46ಕ್ಕೆ ಸೇರಿದವಳು. ನೆಲದಿಂದ ಭಾರ ಎತ್ತುವ ಡೆಡ್‌ಲಿಫ್ಟ್‌ಗೆ ತಿಂಗಳುಗಟ್ಟಲೆ 20 ಕೆಜಿಯ ಖಾಲಿ ಬಾರ್ ಬಿಟ್ಟು ಒಂದು ಪ್ಲೇಟೂ ಹಾಕಲಿಲ್ಲ. ಪಕ್ಕದ ಹುಡುಗರು ಕಿಸಿಕಿಸಿ ನಗುತ್ತಿದ್ದರು. ಈಗ 90 ಎತ್ತುತ್ತೇನೆ. ಆ ಹುಡುಗರಲ್ಲಿ ಇಬ್ಬರು ಸೊಂಟಕ್ಕೆ ಬೆಲ್ಟ್ ಕಟ್ಟಿಕೊಂಡು ಓಡಾಡುತ್ತಿದ್ದಾರೆ.

ಬಲಭುಜ: ನನಗೆ ಎಂಟು ಬರುತ್ತಿತ್ತು ಮೇಡಂ. ಕೇಳದೆ ಬುದ್ಧಿ ಹೇಳಬೇಡಿ.

ಡ್ರಿಪ್‌ರಾಜ: ಭುಜ ಬಿಡಿ, ನನಗೆ ರಾಬ್ಡೋ ಆಗಿತ್ತು, ಅತಿಯಾದ ವ್ಯಾಯಾಮದಿಂದ ಸ್ನಾಯು ಒಡೆಯುವ ಕಾಯಿಲೆ. ಮರ್ಫ್ ಅನ್ನೋ ವರ್ಕೌಟ್ ಮಾಡಿದ್ದೆ. ಒಂದು ಮೈಲಿ ಓಟ, 100 ಪುಲ್-ಅಪ್, 200 ಪುಷ್-ಅಪ್, 300 ಸ್ಕ್ವಾಟ್, ಮತ್ತೆ ಒಂದು ಮೈಲಿ. ಆಮೇಲೆ ತೋಳು ಊದಿಕೊಂಡು ಮಡಚಲೇ ಆಗಲಿಲ್ಲ, ಹೆಂಡತಿ ಹಲ್ಲುಜ್ಜಿಸಿದಳು. ಮೂತ್ರ ಕಾಫಿ ಡಿಕಾಕ್ಷನ್ ಬಣ್ಣ. ರಕ್ತದಲ್ಲಿ 200ರ ಆಸುಪಾಸು ಇರಬೇಕಾದ ಸಿಕೆ, ಅಂದರೆ ಸ್ನಾಯುವಿನ ಕಿಣ್ವ, 52,000. ಸ್ನಾಯು ಒಡೆದು ಅದರೊಳಗಿನದ್ದೆಲ್ಲ ರಕ್ತಕ್ಕೆ ಸೇರಿ ಕಿಡ್ನಿಗೆ ಹೊಡೆಯುತ್ತದೆ. ಬಿಲ್ 86,400. ಅದರಲ್ಲಿ ಗ್ಲೌಸ್, ಹತ್ತಿ ಅಂತ 3,150 ವಿಮೆಯವರು ಕಡಿದರು. ಆ ಹತ್ತಿ ನಾನೇನು ಮನೆಗೆ ತಂದೆನಾ? ಕ್ರಾಸ್‌ಫಿಟ್‌ನವರಂತೂ ಹಿಂದೆ ಇದಕ್ಕೆ ‘ಅಂಕಲ್ ರಾಬ್ಡೋ’ ಅಂತ ಕೋಡಂಗಿ ಚಿತ್ರ ಬೇರೆ ಮಾಡಿದ್ದರು.

ಸುಮ್ನೆಓದುಗ: ಕ್ರಾಸ್‌ಫಿಟ್ ಬಗ್ಗೆ ಅಮೆರಿಕದ ಓಹಾಯೋದಲ್ಲಿ ಮಾಡಿದ 2013ರ ಅಧ್ಯಯನ ಓದಿ. 16% ಜನ ಗಾಯದಿಂದಾಗಿ ಅರ್ಧಕ್ಕೇ ಬಿಟ್ಟರು.

ಬೆಳಗಿನಬ್ಯಾಚ್: ಪೂರ್ತಿ ಓದಿ ಸ್ವಾಮಿ. ಗಾಯದ ಲೆಕ್ಕ ತಪ್ಪು ಅಂತ ಮೊದಲು ತಿದ್ದುಪಡಿ ಹಾಕಿದರು. 2017ರಲ್ಲಿ ಪತ್ರಿಕೆ ಆ ಲೇಖನವನ್ನೇ ವಾಪಸ್ ಪಡೆಯಿತು. ಕೋರ್ಟ್ ಮೆಟ್ಟಿಲೂ ಹತ್ತಿದ ವಿಷಯ ಅದು.

ಸುಮ್ನೆಓದುಗ: ಕೋರ್ಟು ನನ್ನ ಡಿಸ್ಕ್ ಸರಿಮಾಡುತ್ತಾ? ಎಲ್4-ಎಲ್5, ಸೊಂಟದ ಹತ್ತಿರದ ಬೆನ್ನೆಲುಬಿನದ್ದು. ಕಾಲು ಜೋಮು ಹಿಡಿದು ಚಪ್ಪಲಿ ಜಾರಿದ್ದೂ ಗೊತ್ತಾಗುವುದಿಲ್ಲ.

ಕುರ್ಚಿಕೆಲಸ: ನನ್ನದೂ ಸೊಂಟವೇ ಸರ್, ಯಾವ ವ್ಯಾಯಾಮದಲ್ಲಿ ಆಯ್ತು ಅಂತ ಹೇಳ್ತೀರಾ?

ದಾವಣಗೆರೆಗರಡಿ: ಇದೆಲ್ಲ ದುಡ್ಡು ಜಾಸ್ತಿ ಆದವರ ಕಾಯಿಲೆ. ನಮ್ಮ ಗರಡಿಯಲ್ಲಿ ದಂಡ, ಬಸ್ಕಿ ಹೊಡೆದವರಿಗೆ ಯಾವ ರಾಬ್ಡೋ ಬಂತು?

ಡ್ರಿಪ್‌ರಾಜ: ಅಭ್ಯಾಸ ಇಲ್ಲದೆ ಒಮ್ಮೆಗೇ ಬಸ್ಕಿ ಹೊಡೆದರೂ ಅದೇ ಆಗುತ್ತೆ ಗುರು. ಗರಡಿಯಲ್ಲಿ ಗಾಯವೇ ಇಲ್ವಾ? ಪೈಲ್ವಾನರ ಮುದುಡಿದ ಕಿವಿ ನೋಡಿದ್ದೀರಾ?

ದಾವಣಗೆರೆಗರಡಿ: ಕಿವಿ ವಿಷಯಕ್ಕೆ ಬರಬೇಡಿ. ನಮ್ಮಪ್ಪಂದೂ ಅದೇ ಕಿವಿ. 70ರಲ್ಲೂ ಅಕ್ಕಿಮೂಟೆ ಹೊರುತ್ತಾರೆ.

ಬಲಭುಜ: ಹೊರಲಿ ಬಿಡಿ. ಫೀಸ್ ವಾಪಸ್ ಬರಿಸಿಕೊಂಡವರು ಯಾರಾದರೂ ಇದ್ದೀರಾ?