‘ಬ್ಯಾಕಪ್ ಬ್ಯಾಟರಿ’ಗೆ ‘ಮೀಸಲು ಬ್ಯಾಟರಿ’ ಆದೀತೇ?

ಪ್ರಶ್ನೆ: ಹಳೆಯ ಡ್ರಮ್ ಮೆಷಿನ್ (ತಾಳ ನುಡಿಸುವ ಎಲೆಕ್ಟ್ರಾನಿಕ್ ವಾದ್ಯ) ರಿಪೇರಿಯ ಟಿಪ್ಪಣಿಯೊಂದನ್ನು ತಿದ್ದುವಾಗ ಸಿಕ್ಕ ಸಾಲು: ‘ಮೊದಲು ಪ್ಯಾಟರ್ನ್‌ಗಳ ಬ್ಯಾಕಪ್ ತಗೊಳ್ಳಿ, ಆಮೇಲೆ ಬ್ಯಾಕಪ್ ಬ್ಯಾಟರಿ ಬಿಚ್ಚಿ.’ ಮೊದಲನೆಯದು ಪ್ಯಾಟರ್ನ್‌ಗಳನ್ನು, ಅಂದರೆ ಮೆಷಿನ್ನಿನಲ್ಲಿ ಉಳಿಸಿಟ್ಟ ತಾಳಗಳನ್ನು, ಕ್ಯಾಸೆಟ್‌ಗೋ, ಮಿಡಿ (ವಾದ್ಯಗಳನ್ನು ಜೋಡಿಸುವ ವ್ಯವಸ್ಥೆ) ಮೂಲಕ ಕಂಪ್ಯೂಟರಿಗೋ ಇಳಿಸಿಕೊಳ್ಳುವ ನಕಲು. ಎರಡನೆಯದು ಸ್ವಿಚ್ ಆರಿಸಿದ ಮೇಲೂ ಮೆಮೊರಿ ಚಿಪ್ಪಿಗೆ ಕರೆಂಟು ಕೊಡುವ ಸೆಲ್ಲು. ಬೆಂಗಳೂರಿನ ಮನೆಗಳಲ್ಲಿ ‘ಯುಪಿಎಸ್ ಎಷ್ಟು ಬ್ಯಾಕಪ್ ಕೊಡುತ್ತೆ?’ ಎಂದರೆ ಎಷ್ಟು ಗಂಟೆ ಎಂದು ಮೂರನೆಯ ಅರ್ಥ. ಬ್ಯಾಟರಿಯನ್ನು ‘ಮೀಸಲು ಬ್ಯಾಟರಿ’ ಎಂದು ತಿದ್ದಬಹುದೇ? ‘ಆಸಿಡ್ ಲೀಕ್’ ಎಂಬುದಕ್ಕೂ ಕನ್ನಡ ಬೇಕಿತ್ತು.

ಉತ್ತರ: ‘ಮೀಸಲು’ ಬೇಡ ಸರ್. ಅದು ಬೇಕಾದಾಗ ಬಳಸಲು ಎತ್ತಿಟ್ಟದ್ದು. ಓದುವವರು ಡ್ರಾಯರಿನಲ್ಲಿರುವ ಸ್ಪೇರ್ ಸೆಲ್ಲು ಎಂದುಕೊಂಡಾರು. ಇದು ಮೆಷಿನ್ ಆರಿಸಿದಾಗಲೆಲ್ಲ ದುಡಿಯುವಂಥದ್ದು. ‘ಮೆಮೊರಿ ಸೆಲ್ಲು’ ಎಂದರೆ ಸಾಕು, ನಕಲಿಗೆ ‘ಪ್ರತಿ’ ಇದ್ದೇ ಇದೆ.

ಆ ಸಾಲಿನಲ್ಲಿ ‘ಬಿಚ್ಚಿ’ ಎಂಬುದೂ ಎಲ್ಲ ಕಡೆ ಹೊಂದದು. 1980ರ ರೋಲ್ಯಾಂಡ್ ಟಿಆರ್-808 ಡ್ರಮ್ ಮೆಷಿನ್ನಿಗೆ ಮೂರು ಎಎ ಸೆಲ್ಲು, ಮುಚ್ಚಳ ತೆಗೆದು ಬದಲಿಸಿದರೆ ಮುಗಿಯಿತು. ಸೆಲ್ಲನ್ನು ಬೋರ್ಡಿಗೇ ಬೆಸೆದಿದ್ದರೆ ‘ಬೆಸುಗೆ ಬಿಡಿಸಿ’ ಎನ್ನಬೇಕು. ಹೊಸ ಸೆಲ್ಲಿನ ಮೈಗೆ ನೇರವಾಗಿ ಬೆಸುಗೆಯ ಐರನ್ ಇಡಬಾರದು, ಕಾವಿಗೆ ಅದು ಸಿಡಿಯಬಹುದು. ಲೋಹದ ಕಾಲು ಬೆಸೆದೇ ಬಂದಿರುವ ಸೆಲ್ಲು ತರಿಸಬೇಕು, ಇಲ್ಲವೇ ಹೋಲ್ಡರ್ ಕೂರಿಸಬೇಕು. ಹೋಲ್ಡರೇ ವಾಸಿ, ಮುಂದಿನ ಸಲ ಐರನ್ ಹಿಡಿಯುವ ಕೆಲಸ ತಪ್ಪುತ್ತದೆ. ಸೆಲ್ಲಿನ ಮೇಲಿನ ಸಿಆರ್2032 ಎಂಬುದು ಬರೀ ಹೆಸರಲ್ಲ, ಅಳತೆ: 20 ಮಿ.ಮೀ. ಅಗಲ, 3.2 ಮಿ.ಮೀ. ದಪ್ಪ. ಅದನ್ನು ಅನುವಾದಿಸಲು ಹೋಗದೆ ಹಾಗೇ ಉಳಿಸಿ.

‘ಆಸಿಡ್ ಲೀಕ್’ ಮಾತ್ರ ತಪ್ಪು ದಾರಿ ಹಿಡಿಸುವ ಮಾತು. ಯುಪಿಎಸ್ಸಿನ ಸೀಸದ ಬ್ಯಾಟರಿಯಲ್ಲಿ ಸೋರುವುದು ನಿಜಕ್ಕೂ ಆಸಿಡ್, ಅಲ್ಲಿ ಅಡುಗೆ ಸೋಡಾ ಸರಿಯಾದ ಮದ್ದು. ಕೆಲವು ಹಳೆಯ ಡ್ರಮ್ ಮೆಷಿನ್ನುಗಳಲ್ಲಿರುವ, ಚಾರ್ಜ್ ಆಗುವ 3.6 ವೋಲ್ಟಿನ ನಿಕಲ್-ಕ್ಯಾಡ್ಮಿಯಂ ಪ್ಯಾಕಿನಿಂದ ಸೋರುವುದು ಪೊಟ್ಯಾಸಿಯಂ ಹೈಡ್ರಾಕ್ಸೈಡ್, ಅಂದರೆ ಕ್ಷಾರ. ಅದಕ್ಕೆ ಸೋಡಾ ಹಾಕಿ ಪ್ರಯೋಜನವಿಲ್ಲ. ವಿನೆಗರ್ ಸವರಿ, ಡಿಸ್ಟಿಲ್ಡ್ ನೀರಿನಲ್ಲಿ ತೊಳೆದು, ಪೂರ್ತಿ ಒಣಗಿಸಬೇಕು. ಟಿಪ್ಪಣಿಯಲ್ಲಿ ‘ಕ್ಷಾರ ಸೋರಿಕೆ’ ಎಂದೇ ಬರೆಯಿರಿ. ಹಸಿರು ಕಿಲುಬು ಪಕ್ಕದ ತಾಮ್ರದ ಗೆರೆಗಳನ್ನೂ ತಿಂದಿರಬಹುದು, ಮೀಟರಿನಲ್ಲಿ ಒಂದೊಂದನ್ನೇ ಪರೀಕ್ಷಿಸಬೇಕು.

ಟಿಪ್ಪಣಿಯಲ್ಲಿ ಸೆಲ್ಲನ್ನು ‘ಬದಲಿಸಿ’ ಎನ್ನುವಲ್ಲೂ ಒಂದು ಮಾತು ಕೂಡಿಸಿ. ನಿಕಲ್-ಕ್ಯಾಡ್ಮಿಯಂ ಇದ್ದ ಜಾಗಕ್ಕೆ ಚಾರ್ಜ್ ಮಾಡಲಾಗದ ಸಾಮಾನ್ಯ ಲಿಥಿಯಂ ಸೆಲ್ಲು ಹಾಕಿದರೆ ಮೆಷಿನ್ ಅದನ್ನು ಚಾರ್ಜ್ ಮಾಡಲು ಹೋಗುತ್ತದೆ, ಸೆಲ್ಲು ಊದಿ ಒಡೆಯಬಹುದು. ಚಾರ್ಜಿಂಗ್ ದಾರಿಯ ರೆಸಿಸ್ಟರ್ ಕಳಚಿ ಡಯೋಡ್ (ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಬಿಡಿಭಾಗ) ಹಾಕಬೇಕು. ಡಯೋಡ್ ಸ್ವಲ್ಪ ವೋಲ್ಟೇಜ್ ತಿನ್ನುವುದರಿಂದ ಸೆಲ್ಲಿನ ಬಳಿ ಅಳೆದು ಸುಮ್ಮನಾಗಬಾರದು. ಮೆಷಿನ್ ಆರಿಸಿ ಚಿಪ್ಪಿನ ಕಾಲಲ್ಲೇ ಅಳೆಯಬೇಕು: 6116 ಎಂಬ ಮೆಮೊರಿ ಚಿಪ್ಪಾದರೆ 12ನೆಯದು ಗ್ರೌಂಡ್, 24ನೆಯದು ಪ್ಲಸ್. ಅಲ್ಲಿ 2 ವೋಲ್ಟಿಗಿಂತ ಕಡಿಮೆಯಾದರೆ ನೆನಪು ನಿಲ್ಲುವ ಭರವಸೆ ಇಲ್ಲ.

ಹೊಸ ಸೆಲ್ಲು ಹಾಕಿದೊಡನೆ ಪ್ಯಾಟರ್ನ್‌ಗಳಲ್ಲಿ ಕಸ ತುಂಬಿರುತ್ತದೆ. ಅದನ್ನು ‘ಕೆಟ್ಟಿದೆ’ ಎಂದು ಬರೆದರೆ ಓದಿದವರು ಚಿಪ್ಪನ್ನೇ ಕಿತ್ತಾರು. ‘ಅಳಿಸಿ, ಪ್ರತಿಯಿಂದ ಮತ್ತೆ ತುಂಬಿ’ ಎನ್ನಿ.