ಛಾಯಾಗ್ರಹಣ ಕಲಿಯಲು ಹೊರಟವರ ಪ್ರಶ್ನೆಗಳು, ಸ್ಟುಡಿಯೊದವರ ಉತ್ತರಗಳು

ಪ್ರಶ್ನೆ (ಸಾಗರ ತಾಲ್ಲೂಕಿನ ಪ್ರೌಢಶಾಲಾ ಶಿಕ್ಷಕಿಯೊಬ್ಬರಿಂದ):

ನಮಸ್ಕಾರ ಸರ್. ನನ್ನ ತಮ್ಮ ಹೊಸ ಕ್ಯಾಮೆರಾ ಕೊಂಡ ಮೇಲೆ ತನ್ನ ಹಳೆಯ ಡಿಎಸ್‌ಎಲ್‌ಆರ್ ಅನ್ನು 18-55 ಲೆನ್ಸ್ ಸಮೇತ ನನಗೆ ಕೊಟ್ಟಿದ್ದಾನೆ. ಆಟೋ ಮೋಡ್‌ನಲ್ಲಿ ಹೊರಗೆ ತೆಗೆದ ಚಿತ್ರಗಳು ಪರವಾಗಿಲ್ಲ ಅನ್ನಿಸುತ್ತವೆ. ಆದರೆ ಮನೆಯೊಳಗೆ ಮತ್ತು ತರಗತಿಯಲ್ಲಿ ತೆಗೆದವು ಮಸುಕಾಗುತ್ತವೆ. ಬಿಳಿ ಗೋಡೆಯ ಮುಂದೆ ಕುಳಿತ ನಮ್ಮ ಮಾವನವರ ಚಿತ್ರ ತೆಗೆದರೆ ಅವರ ಬಿಳಿ ಪಂಚೆ ಬೂದಿ ಬಣ್ಣಕ್ಕೆ ತಿರುಗುತ್ತದೆ. ಯೂಟ್ಯೂಬ್‌ನಲ್ಲಿ ಎಷ್ಟೋ ಪಾಠಗಳನ್ನು ನೋಡಿದೆ. ಎಲ್ಲವನ್ನೂ ನಾವೇ ಹೊಂದಿಸುವ ಮ್ಯಾನ್ಯುಯಲ್ ಮೋಡ್ ಬಿಟ್ಟು ಬೇರೆ ಯಾವುದನ್ನೂ ಮುಟ್ಟಬೇಡಿ ಎಂದು ಒಬ್ಬರು ಹೇಳಿದರೆ, ಮೊದಲು ಲೆನ್ಸ್ ಬದಲಾಯಿಸಿ ಎಂದು ಇನ್ನೊಬ್ಬರು ಹೇಳುತ್ತಾರೆ. ನಮ್ಮ ಸುತ್ತಮುತ್ತ ಇದನ್ನು ಕಲಿಸುವ ತರಗತಿಗಳಿಲ್ಲ. ಶಾಲೆ, ಮನೆ ಎರಡನ್ನೂ ನೋಡಿಕೊಂಡು ಕಲಿಯಬಹುದಾದ ದಾರಿ ಯಾವುದು?

ಉತ್ತರ:

ನಮಸ್ಕಾರ ಮೇಡಂ. ಈಗ ನಿಮ್ಮ ಕೈಯಲ್ಲಿರುವ ಕ್ಯಾಮೆರಾ ಮತ್ತು ಲೆನ್ಸ್ ಮೊದಲ ಒಂದು ವರ್ಷದ ಕಲಿಕೆಗೆ ಧಾರಾಳವಾಗಿ ಸಾಕು. ಲೆನ್ಸ್ ಬದಲಾಯಿಸುವ ಮಾತನ್ನು ಸದ್ಯಕ್ಕೆ ಬದಿಗಿಡಿ. ನೀವು ಬರೆದಿರುವ ಎರಡು ತೊಂದರೆಗಳು, ಅಂದರೆ ಮಸುಕಾಗುವ ಚಿತ್ರ ಮತ್ತು ಬೂದಿ ಬಣ್ಣಕ್ಕೆ ತಿರುಗುವ ಪಂಚೆ, ನಿಮಗೆ ಬೇಕಾದ ಪಾಠದ ಮುಕ್ಕಾಲು ಭಾಗವನ್ನು ಒಳಗೊಂಡಿವೆ. ಸ್ಟುಡಿಯೊಗೆ ಕೆಲಸ ಕಲಿಯಲು ಬಂದ ಹುಡುಗರಿಗೆಲ್ಲ ನಾನು ಹೇಳುತ್ತಾ ಬಂದಿರುವುದು ಒಂದೇ: ಚಿತ್ರ ತೆಗೆಯುವಾಗ ಅರ್ಧ ಕಲಿಯುತ್ತೇವೆ, ತೆಗೆದ ಚಿತ್ರ ಹೀಗೇಕೆ ಬಂತು ಎಂದು ಕುಳಿತು ಹುಡುಕುವಾಗ ಉಳಿದರ್ಧ ಕಲಿಯುತ್ತೇವೆ. ಎರಡನೆಯದನ್ನು ಬಿಟ್ಟವರು ಸಾವಿರಾರು ಚಿತ್ರಗಳನ್ನು ತೆಗೆದರೂ ಇದ್ದಲ್ಲಿಯೇ ಇರುತ್ತಾರೆ.

ಮಸುಕಾದ ಒಂದು ಚಿತ್ರವನ್ನು ಕಂಪ್ಯೂಟರಿನಲ್ಲಿ ತೆರೆದು ಪೂರ್ತಿ ಹಿಗ್ಗಿಸಿ ನೋಡಿ. ಮುಖದ ಜೊತೆಗೆ ಹಿಂದಿನ ಗೋಡೆಯ ಗೆರೆ, ಕಪ್ಪುಹಲಗೆಯ ಅಂಚು ಎಲ್ಲವೂ ಒಂದೇ ದಿಕ್ಕಿಗೆ ಎಳೆದಂತೆ ಕಂಡರೆ ಅಲುಗಿದ್ದು ನಿಮ್ಮ ಕೈ. ಕಪ್ಪುಹಲಗೆಯ ಅಕ್ಷರಗಳು ಸ್ಪಷ್ಟವಾಗಿದ್ದು ಮಗುವಿನ ಕೈ ಮಾತ್ರ ಮಸುಕಾಗಿದ್ದರೆ ಅಲುಗಿದ್ದು ಮಗು. ಯಾವುದೂ ಎಳೆದಂತೆ ಕಾಣದೆ, ಮುಖ ಮೃದುವಾಗಿದ್ದು ಅದರ ಹಿಂದಿನ ಕಿಟಕಿ ಚೂಪಾಗಿದ್ದರೆ ಫೋಕಸ್ ಹೋಗಿ ಕಿಟಕಿಯ ಮೇಲೆ ಕುಳಿತಿದೆ ಎಂದರ್ಥ. ಹೊಸಬರು ಈ ಮೂರನ್ನೂ ‘ಬ್ಲರ್’ ಎಂದು ಒಂದೇ ಹೆಸರಿನಿಂದ ಕರೆಯುವುದರಿಂದ ಯಾವುದಕ್ಕೂ ಪರಿಹಾರ ಸಿಗುವುದಿಲ್ಲ. ಕೈ ಅಲುಗಿದ್ದರೆ ಮೊಣಕೈಗಳನ್ನು ಎದೆಗೆ ಒತ್ತಿ ಹಿಡಿಯಬೇಕು ಮತ್ತು ಶಟರ್ ವೇಗ, ಅಂದರೆ ಶಟರ್ ತೆರೆದು ಮುಚ್ಚುವ ವೇಗ, ಹೆಚ್ಚಿಸಬೇಕು. ಮಗು ಅಲುಗಿದ್ದರೆ, ಕೈ ಅಲುಗಾಟವನ್ನು ತಗ್ಗಿಸುವ ಲೆನ್ಸ್‌ನ ಸ್ಟೆಬಿಲೈಸೇಷನ್ ಕೂಡ ನೆರವಿಗೆ ಬರುವುದಿಲ್ಲ, 1/250 ಸೆಕೆಂಡ್ ಅಥವಾ ಅದಕ್ಕಿಂತ ವೇಗದ ಶಟರ್ ಬೇಕೇ ಬೇಕು. ಫೋಕಸ್ ತಪ್ಪಿದ್ದರೆ ಕ್ಯಾಮೆರಾ ತಾನಾಗಿ ಬಿಂದುವನ್ನು ಆರಿಸಲು ಬಿಡದೆ, ಒಂದೇ ಬಿಂದುವನ್ನು ನೀವು ಆರಿಸಿ ಅದನ್ನು ಕಣ್ಣಿನ ಮೇಲೆ ಇಡಬೇಕು.

ಒಳಾಂಗಣದಲ್ಲಿಯೇ ಹೀಗೇಕೆ ಆಗುತ್ತದೆ ಎಂದರೆ, ನಿಮ್ಮ ಲೆನ್ಸ್‌ನ ಅಪರ್ಚರ್, ಅಂದರೆ ಬೆಳಕು ಒಳಬಿಡುವ ಕಿಂಡಿ, 18 ಎಂಎಂನಲ್ಲಿ ಎಫ್/3.5ರವರೆಗೆ ತೆರೆದುಕೊಳ್ಳುತ್ತದೆ (ಎಫ್ ಅಂಕಿ ದೊಡ್ಡದಾದಷ್ಟು ಕಿಂಡಿ ಚಿಕ್ಕದು), 55ಕ್ಕೆ ಜೂಮ್ ಮಾಡಿದಾಗ ಎಫ್/5.6ಕ್ಕೆ ನಿಲ್ಲುತ್ತದೆ, ಅಲ್ಲಿಗೆ ಒಳಬರುವ ಬೆಳಕು ಅರ್ಧಕ್ಕಿಂತಲೂ ಕಡಿಮೆಯಾಯಿತು. ಆ ಕೊರತೆಯನ್ನು ತುಂಬಲು ಆಟೋ ಮೋಡ್ ಕೆಲವೊಮ್ಮೆ ಶಟರ್ ಅನ್ನು 1/15 ಸೆಕೆಂಡಿನವರೆಗೂ ಇಳಿಸಿಬಿಡುತ್ತದೆ. ನಿಮ್ಮ ಕ್ಯಾಮೆರಾದೊಳಗೆ ಬೆಳಕನ್ನು ಚಿತ್ರವಾಗಿಸುವ ಸೆನ್ಸರ್‌ನ ಗಾತ್ರಕ್ಕೆ 55 ಎಂಎಂನಲ್ಲಿ ಕೈಯಲ್ಲಿ ಹಿಡಿದು ತೆಗೆಯಲು ಸುಮಾರು 1/80 ಸೆಕೆಂಡ್ ಆದರೂ ಬೇಕು. ಆದ್ದರಿಂದ ಡಯಲ್ ಅನ್ನು ‘ಎ’ ಅಥವಾ ‘ಎವಿ’ ಎಂದಿರುವ ಅಪರ್ಚರ್ ಪ್ರಯಾರಿಟಿಗೆ (ಅಪರ್ಚರ್ ನಾವು ಆರಿಸುತ್ತೇವೆ, ಶಟರ್ ಅನ್ನು ಕ್ಯಾಮೆರಾ ಆರಿಸುತ್ತದೆ) ತಿರುಗಿಸಿ, ಅಪರ್ಚರ್ ಅನ್ನು ಪೂರ್ತಿ ತೆರೆದಿಟ್ಟು, ಬೆಳಕಿಗೆ ಕ್ಯಾಮೆರಾದ ಸಂವೇದನೆಯನ್ನು ಸೂಚಿಸುವ ಐಎಸ್‌ಒ ಅಂಕಿಯನ್ನು 1600ಕ್ಕೆ ಏರಿಸಿ ನೋಡಿ, ಸಾಲದಿದ್ದರೆ 3200. ಚಿತ್ರದಲ್ಲಿ ಸ್ವಲ್ಪ ಕಾಳು, ಅಂದರೆ ಸಣ್ಣ ಚುಕ್ಕೆಗಳು, ಕಾಣಿಸಿಕೊಳ್ಳಬಹುದು, ಆದರೆ ಕಾಳು ಕಂಡ ಸ್ಪಷ್ಟ ಚಿತ್ರವನ್ನು ಇಟ್ಟುಕೊಳ್ಳಬಹುದು, ಅಲುಗಿದ ಚಿತ್ರವನ್ನು ಯಾವ ಸಾಫ್ಟ್‌ವೇರ್‌ನಿಂದಲೂ ಪೂರ್ತಿ ಸರಿಪಡಿಸಲಾಗದು. ನೆನಪಿನಲ್ಲಿಡಬೇಕಾದ ಲೆಕ್ಕ ಇಷ್ಟೇ: ಎಫ್/5.6ರಿಂದ ಎಫ್/8ಕ್ಕೆ ಹೋದರೆ ಬೆಳಕು ಅರ್ಧವಾಗುತ್ತದೆ, 1/125ರಿಂದ 1/250ಕ್ಕೆ ಹೋದರೂ ಅರ್ಧವಾಗುತ್ತದೆ, ಐಎಸ್‌ಒ 400ರಿಂದ 800ಕ್ಕೆ ಏರಿಸಿದರೆ ಚಿತ್ರ ಎರಡರಷ್ಟು ಬೆಳಗುತ್ತದೆ. ಒಂದು ಕಡೆ ಕಳೆದದ್ದನ್ನು ಇನ್ನೊಂದು ಕಡೆ ಕೂಡಿಸಬೇಕು.

ಪಂಚೆಯ ವಿಷಯಕ್ಕೆ ಬರುತ್ತೇನೆ. ಬೆಳಕು ಅಳೆಯುವ ಕ್ಯಾಮೆರಾದ ಮೀಟರ್ ಎದುರಿಗಿರುವುದು ಬಿಳಿಯೋ ಕಪ್ಪೋ ಎಂದು ಅರಿಯದು. ದೃಶ್ಯವೆಲ್ಲ ಸರಾಸರಿಯಾಗಿ ನಡುಬೂದಿ ಬಣ್ಣದ್ದು ಎಂದು ನಂಬಿ ಲೆಕ್ಕ ಹಾಕುತ್ತದೆ. ಹೀಗಾಗಿ ಬಿಳಿ ಗೋಡೆ, ಬಿಳಿ ಪಂಚೆ, ಮುಂಜಾನೆಯ ಮಂಜು ಇವೆಲ್ಲ ಮಂಕಾಗಿ ಬರುತ್ತವೆ, ಕಪ್ಪು ಎಮ್ಮೆ ಅಥವಾ ಮಳೆಯಲ್ಲಿ ನೆನೆದ ಕರಿಬಂಡೆ ಅನಗತ್ಯವಾಗಿ ಬೆಳ್ಳಗಾಗುತ್ತದೆ. ಪ್ಲಸ್-ಮೈನಸ್ ಗುರುತಿರುವ ಗುಂಡಿಯನ್ನು ಒತ್ತಿ, ಮಾವನವರ ಚಿತ್ರಕ್ಕೆ ಪ್ಲಸ್ 1 ಕೊಡಿ, ಎಮ್ಮೆಗೆ ಮೈನಸ್ 1 ಕೊಡಿ. ಬಳಿಕ ಹಿಸ್ಟೋಗ್ರಾಂ (ಚಿತ್ರದಲ್ಲಿ ಕಪ್ಪಿನಿಂದ ಬಿಳುಪಿನವರೆಗೆ ಯಾವುದು ಎಷ್ಟಿದೆ ಎಂದು ತೋರಿಸುವ ನಕ್ಷೆ) ನೋಡಿ, ಬಿಳುಪಿನ ಭಾಗ ಬಲತುದಿಗೆ ಬಡಿದು ನಿಂತಿದ್ದರೆ ಸ್ವಲ್ಪ ಇಳಿಸಿ.

ಅಭ್ಯಾಸಕ್ಕೆ ದೂರದ ಪ್ರವಾಸ ಬೇಡ. ಮಲೆನಾಡಿನ ಮನೆಗಳಲ್ಲಿ ಒಳಗೆ ಕತ್ತಲೆ, ಬಾಗಿಲು ಕಿಟಕಿಗಳಿಂದ ಮಾತ್ರ ಬೆಳಕು. ಸ್ಟುಡಿಯೊದಲ್ಲಿ ನಾವು ಕಪ್ಪು ಪರದೆಗಳನ್ನು ಕಟ್ಟಿ ತಂದುಕೊಳ್ಳುವ ಬೆಳಕು ನಿಮ್ಮ ಮನೆಯಲ್ಲಿ ತಾನಾಗಿಯೇ ಇದೆ. ಮನೆಯವರೊಬ್ಬರನ್ನು ಜಗುಲಿಯಲ್ಲಿ ಕೂರಿಸಿ ಒಂದು ಚಿತ್ರ, ಹೊಸ್ತಿಲ ಒಳಗೆ ಎರಡಡಿ ಸರಿಸಿ ಒಂದು ಚಿತ್ರ, ನಡುಮನೆಯಲ್ಲಿ ಒಂದು ಚಿತ್ರ ತೆಗೆಯಿರಿ. ಪ್ರತಿ ಜಾಗದಲ್ಲೂ ಅವರ ಮುಖ ಬಾಗಿಲ ಕಡೆಗಿದ್ದಾಗ, ಬಾಗಿಲಿಗೆ ಅಡ್ಡವಾಗಿದ್ದಾಗ, ಬೆನ್ನು ಬಾಗಿಲಿಗಿದ್ದಾಗ ತೆಗೆದು ಹೋಲಿಸಿ. ಇದನ್ನೇ ಬೆಳಗ್ಗೆ, ನಡುಮಧ್ಯಾಹ್ನ, ಸಂಜೆ ಮಾಡಿ. ಕಣ್ಣಿನ ಕೆಳಗಿನ ನೆರಳು ಎಲ್ಲಿ ಗಾಢವಾಗುತ್ತದೆ, ಚರ್ಮದ ಸುಕ್ಕು ಯಾವಾಗ ಎದ್ದು ಕಾಣುತ್ತದೆ, ಸೀರೆಯ ಬಣ್ಣ ಯಾವಾಗ ನಿಜವಾಗಿ ಬರುತ್ತದೆ ಎಂಬುದು ಒಂದೆರಡು ವಾರಗಳಲ್ಲಿ ಕಣ್ಣಿಗೆ ಹತ್ತುತ್ತದೆ. ಭಾನುವಾರ ಬಿಡುವಾದಾಗ ವಾರದ ಚಿತ್ರಗಳಲ್ಲಿ ಐದನ್ನು ಆರಿಸಿ, ಅವುಗಳ ಜೊತೆ ದಾಖಲಾಗಿರುವ ಅಪರ್ಚರ್, ಶಟರ್, ಐಎಸ್‌ಒ ಅಂಕಿಗಳನ್ನು ಒಂದು ಪುಸ್ತಕದಲ್ಲಿ ಬರೆದಿಡಿ. ನೀವು ಶಿಕ್ಷಕಿಯಾದ್ದರಿಂದ ಈ ಅಭ್ಯಾಸ ನಿಮಗೆ ಕಷ್ಟವಾಗದು.

ಅದೇ ಶಿಕ್ಷಕಿಯಿಂದ ಮರುಪ್ರಶ್ನೆ:

ತುಂಬಾ ಧನ್ಯವಾದಗಳು ಸರ್. ಹಾಗಾದರೆ ಮ್ಯಾನ್ಯುಯಲ್ ಮೋಡ್ ಕಲಿಯುವುದೇ ಬೇಡವೇ? ಶಾಲೆಯ ಮಕ್ಕಳ ಚಿತ್ರಗಳನ್ನು ಇಲ್ಲಿ ಹಾಕಿ ನಿಮ್ಮ ಅಭಿಪ್ರಾಯ ಕೇಳಬಹುದೇ?

ಉತ್ತರ:

ಮ್ಯಾನ್ಯುಯಲ್ ಖಂಡಿತ ಬೇಕು, ಆದರೆ ಅಂಕಿಗಳ ಪರಿಚಯವಾದ ಮೇಲೆ. ಅಲ್ಲಿಯವರೆಗೆ ಒಂದು ಅಭ್ಯಾಸ ಮಾಡಿ: ಮೀಟರ್ ನೋಡುವ ಮೊದಲೇ ಶಟರ್ ಎಷ್ಟಿರಬಹುದು ಎಂದು ಊಹಿಸಿ. ಮೋಡವಿಲ್ಲದ ಬಿಸಿಲಿನಲ್ಲಿ ಎಫ್/16, ಐಎಸ್‌ಒ 100 ಇಟ್ಟರೆ ಶಟರ್ ಸುಮಾರು 1/100 ಸೆಕೆಂಡ್ ಬರುತ್ತದೆ ಎಂಬುದು ಫಿಲಂ ಕಾಲದಿಂದ ಬಂದ ಲೆಕ್ಕ; ಮೀಟರ್ ಇಲ್ಲದ ಕ್ಯಾಮೆರಾಗಳಲ್ಲಿ ಹಿರಿಯರು ಇದನ್ನೇ ನಂಬಿ ಕೆಲಸ ಮಾಡಿದರು. ನಿಮ್ಮ ಊಹೆ ಮೀಟರಿಗೆ ಹತ್ತಿರವಾಗತೊಡಗಿದಾಗ ಮ್ಯಾನ್ಯುಯಲ್‌ಗೆ ಹೋಗಿ.

ಮಕ್ಕಳ ಚಿತ್ರಗಳ ಬಗ್ಗೆ ದಯವಿಟ್ಟು ಎಚ್ಚರ ವಹಿಸಿ. ಮುಖ್ಯೋಪಾಧ್ಯಾಯರ ಮತ್ತು ಪೋಷಕರ ಒಪ್ಪಿಗೆಯಿಲ್ಲದೆ ಇಲ್ಲಿ ಹಾಕಬೇಡಿ, ಒಪ್ಪಿಗೆ ಸಿಕ್ಕರೂ ಮಗುವಿನ ಹೆಸರು, ಶಾಲೆಯ ಹೆಸರು ಬೇಡ. ಮೈಸೂರಿನಲ್ಲಿ 1923ರಲ್ಲಿ ಹುಟ್ಟಿ, 1977ರಲ್ಲಿ ಪದ್ಮಶ್ರೀ ಪಡೆದ ಟಿ.ಎಸ್. ಸತ್ಯನ್ ಅವರು ತೆಗೆದ ಮಕ್ಕಳ ಚಿತ್ರಗಳನ್ನು ಹುಡುಕಿ ನೋಡಿ. ಮಗುವನ್ನು ನಿಲ್ಲಿಸಿ ನಗಿಸದೆ, ಅದು ತನ್ನ ಪಾಡಿಗೆ ಇರುವಾಗ ಗೌರವದಿಂದ ಹತ್ತಿರ ಹೋಗುವುದು ಹೇಗೆ ಎಂಬುದನ್ನು ಅವರಷ್ಟು ಚೆನ್ನಾಗಿ ತೋರಿಸಿದವರು ನಮ್ಮಲ್ಲಿ ವಿರಳ.

ಪ್ರಶ್ನೆ (ಧಾರವಾಡದ ಪದವಿ ವಿದ್ಯಾರ್ಥಿಯೊಬ್ಬರಿಂದ):

ಸರ್, ನನ್ನ ಹತ್ತಿರ ಮೊಬೈಲ್ ಮಾತ್ರ ಇದೆ. ಇದರಲ್ಲಿ ಕಲಿತರೆ ಕಲಿತಂತಾಗುತ್ತದೆಯೇ?

ಉತ್ತರ:

ಆಗುತ್ತದೆ. ಬಹುತೇಕ ಫೋನುಗಳಲ್ಲಿ ಅಪರ್ಚರ್ ಬದಲಾಯಿಸಲು ಬರುವುದಿಲ್ಲ; ಅದೊಂದನ್ನು ಬಿಟ್ಟರೆ ಬೆಳಕು, ಚೌಕಟ್ಟು, ಕ್ಷಣ ಮೂರನ್ನೂ ಫೋನಿನಲ್ಲೇ ಕಲಿಯಬಹುದು. ಪ್ರೊ ಮೋಡ್ ಇದ್ದರೆ ಶಟರ್ ಮತ್ತು ಐಎಸ್‌ಒ ಕೈಗೆ ಸಿಗುತ್ತವೆ. ಲೆನ್ಸಿನ ಗಾಜನ್ನು ಮೆತ್ತಗಿನ ಬಟ್ಟೆಯಿಂದ ಒರೆಸಿ, ಬೆರಳಿನಿಂದ ಜೂಮ್ ಮಾಡುವುದನ್ನು ಬಿಟ್ಟು ಕಾಲಿನಿಂದ ಹತ್ತಿರ ಹೋಗಿ, ಮುಖದ ಮೇಲೆ ಬೆರಳಿಟ್ಟು ಎಕ್ಸ್‌ಪೋಷರ್ ಅನ್ನು, ಅಂದರೆ ಚಿತ್ರದ ಬೆಳಕನ್ನು, ಕೈಯಾರೆ ಏರಿಳಿಸಿ. ನಿಮ್ಮ ಊರಿನ ಸಂತೆಯಲ್ಲಿ ಒಂದೇ ಅಂಗಡಿಯ ಎದುರು ಒಂದು ತಾಸು ನಿಲ್ಲಿ. ಅಂಗಡಿಯವರನ್ನು ಕೇಳಿ, ಮಾತಾಡಿಸಿ, ಆಮೇಲೆ ತೆಗೆಯಿರಿ. ಸಂತೆಯನ್ನೆಲ್ಲ ಸುತ್ತಿ ತೆಗೆದ ನೂರು ಚಿತ್ರಗಳಿಗಿಂತ ಈ ಒಂದು ತಾಸಿನಲ್ಲಿ ಹೆಚ್ಚು ಕಲಿಯುತ್ತೀರಿ.

ಪ್ರಶ್ನೆ (ಮಂಗಳೂರಿನಿಂದ):

ಹಳೆಯ ಕ್ಯಾಮೆರಾ ಕೊಳ್ಳಬೇಕೆಂದಿದ್ದೇನೆ. ಏನೇನು ನೋಡಬೇಕು? ನಮ್ಮ ಕಡೆಯ ತೇವಕ್ಕೆ ಲೆನ್ಸ್ ಹಾಳಾಗುತ್ತದೆ ಎನ್ನುತ್ತಾರೆ, ನಿಜವೇ?

ಉತ್ತರ:

ನಿಜ. ಕರಾವಳಿಯಲ್ಲೂ ಮಲೆನಾಡಿನಲ್ಲೂ ಮಳೆಗಾಲದಲ್ಲಿ ಲೆನ್ಸಿನ ಒಳಗಾಜಿಗೆ ಫಂಗಸ್ ಹಿಡಿಯುವುದು ಸಾಮಾನ್ಯ. ಕೊಳ್ಳುವ ಮೊದಲು ಲೆನ್ಸನ್ನು ಕಳಚಿ, ಅಪರ್ಚರ್ ತೆರೆದಿಟ್ಟು, ಒಂದು ಬದಿಯಿಂದ ಟಾರ್ಚ್ ಹಾಯಿಸಿ ಇನ್ನೊಂದು ಬದಿಯಿಂದ ಓರೆಯಾಗಿ ನೋಡಿ. ಜೇಡರ ಬಲೆಯಂಥ ಎಳೆಗಳು ಕಂಡರೆ ಎಷ್ಟೇ ಅಗ್ಗವಾಗಿದ್ದರೂ ಬಿಟ್ಟುಬಿಡಿ. ಎರಡು ಚುಕ್ಕಿ ಧೂಳು ಇದ್ದರೆ ಚಿಂತೆಯಿಲ್ಲ. ಕ್ಯಾಮೆರಾದ ಶಟರ್ ಎಷ್ಟು ಸಲ ಬಿದ್ದಿದೆ ಎಂಬ ಲೆಕ್ಕವನ್ನು ಕೇಳಿ ತಿಳಿಯಿರಿ, ನಿಮ್ಮದೇ ಕಾರ್ಡ್ ಹಾಕಿ ಕೆಲವು ಚಿತ್ರ ತೆಗೆದು ಮನೆಗೆ ಒಯ್ದು ಪರೀಕ್ಷಿಸಿ. ಎಫ್/16ರಲ್ಲಿ ಆಕಾಶದ ಚಿತ್ರ ತೆಗೆದರೆ ಸೆನ್ಸರ್ ಮೇಲಿನ ಕಲೆಗಳು ಕಾಣುತ್ತವೆ.

ಮನೆಯಲ್ಲಿ ಕ್ಯಾಮೆರಾವನ್ನು ಬ್ಯಾಗಿನೊಳಗೆ, ಅದರಲ್ಲೂ ಚರ್ಮದ ಕವಚದೊಳಗೆ ಮುಚ್ಚಿಡಬೇಡಿ. ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿ, ಒಂದು ಚಿಕ್ಕ ಆರ್ದ್ರತಾ ಮಾಪಕವನ್ನೂ ಇಟ್ಟು, ತೇವ ಶೇ 40ರಿಂದ 50ರ ನಡುವೆ ಇರುವಂತೆ ನೋಡಿಕೊಳ್ಳಿ. ನೀಲಿ ಹರಳುಗಳು ಗುಲಾಬಿ ಬಣ್ಣಕ್ಕೆ ತಿರುಗಿದರೆ ಅವುಗಳನ್ನು ಬಿಸಿ ಮಾಡಿ ಒಣಗಿಸಬೇಕು. ಎಲ್ಲಕ್ಕಿಂತ ಒಳ್ಳೆಯ ಉಪಾಯವೆಂದರೆ ವಾರಕ್ಕೊಮ್ಮೆಯಾದರೂ ಕ್ಯಾಮೆರಾವನ್ನು ಹೊರತೆಗೆದು ಬಳಸುವುದು.

ಪ್ರಶ್ನೆ (ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಒಬ್ಬರಿಂದ):

ದುಬಾರಿ ಕೋರ್ಸಿಗೆ ಸೇರುವುದೋ, ಯಾರಾದರೂ ವೃತ್ತಿಪರರ ಜೊತೆ ಸಹಾಯಕನಾಗಿ ಹೋಗುವುದೋ ತಿಳಿಯುತ್ತಿಲ್ಲ.

ಉತ್ತರ:

ಕೋರ್ಸ್ ಸೇರುವ ಮೊದಲು ಎರಡೇ ಪ್ರಶ್ನೆ ಕೇಳಿ: ಒಂದು ತಂಡದಲ್ಲಿ ಎಷ್ಟು ಜನ, ಮತ್ತು ನಾನು ತೆಗೆದ ಚಿತ್ರಗಳನ್ನು ಶಿಕ್ಷಕರು ಪ್ರತಿ ವಾರ ನೋಡಿ ಹೇಳುತ್ತಾರೆಯೇ. ಎರಡನೆಯದಕ್ಕೆ ‘ಇಲ್ಲ’ ಎಂಬ ಉತ್ತರ ಬಂದರೆ ಆ ಹಣವನ್ನು ಉಳಿಸಿ. ಬೆಂಗಳೂರಿನಲ್ಲಿ ನಿಮಗೆ ಇತರರಿಗಿಲ್ಲದ ಅನುಕೂಲವಿದೆ. 1971ರಲ್ಲಿ ಆರಂಭವಾದ ಯೂತ್ ಫೋಟೊಗ್ರಾಫಿಕ್ ಸೊಸೈಟಿಯಂಥ ಹವ್ಯಾಸಿಗಳ ಸಂಘಗಳಲ್ಲಿ ಹಿರಿಯರು ಕಿರಿಯರ ಚಿತ್ರಗಳನ್ನು ಮುಂದಿಟ್ಟುಕೊಂಡು ಚರ್ಚಿಸುವ ಪರಂಪರೆಯಿದೆ. ಕಸ್ತೂರಬಾ ರಸ್ತೆಯಲ್ಲಿ 2023ರಲ್ಲಿ ತೆರೆದ ಕಲೆ ಮತ್ತು ಛಾಯಾಗ್ರಹಣದ ಮ್ಯೂಸಿಯಂ ‘ಮ್ಯಾಪ್’ಗೆ ಹೋದರೆ ಚಿತ್ರಗಳನ್ನು ಕಾಗದದ ಮೇಲೆ, ಅವುಗಳ ಸರಿಯಾದ ಗಾತ್ರದಲ್ಲಿ ನೋಡುವ ಅವಕಾಶ ಸಿಗುತ್ತದೆ, ಫೋನಿನ ಪರದೆಯಲ್ಲಿ ಬೆರಳಾಡಿಸುತ್ತಾ ನೋಡುವುದರಿಂದ ಆ ಅಭ್ಯಾಸ ಬರುವುದಿಲ್ಲ.

ಮದುವೆ ಛಾಯಾಗ್ರಾಹಕರ ಜೊತೆ ಹೋಗುವುದು ನನಗೆ ಬಹಳ ಮೆಚ್ಚಿನ ದಾರಿ. ಮೊದಮೊದಲು ನಿಮ್ಮ ಕೈಗೆ ಕ್ಯಾಮೆರಾ ಬರುವುದಿಲ್ಲ. ಲೈಟ್ ಹಿಡಿಯುವುದು, ಬ್ಯಾಟರಿ ಚಾರ್ಜ್ ಮಾಡುವುದು, ಕಾರ್ಡಿನಿಂದ ಎರಡು ಕಡೆ ಪ್ರತಿ ಮಾಡಿಡುವುದು ಇಷ್ಟೇ ಕೆಲಸ. ಆದರೆ ಧಾರೆಯ ಹೊತ್ತಿಗೆ ಛಾಯಾಗ್ರಾಹಕ ಎಲ್ಲಿ ನಿಲ್ಲುತ್ತಾನೆ, ನೆಂಟರು ಮುಂದೆ ನುಗ್ಗುವ ಮೊದಲೇ ಜಾಗವನ್ನು ಹೇಗೆ ಹಿಡಿಯುತ್ತಾನೆ, ಪುರೋಹಿತರ ಜೊತೆ ಮೊದಲೇ ಯಾವ ಮಾತಾಡಿಕೊಂಡಿರುತ್ತಾನೆ ಎಂಬುದನ್ನು ಪಕ್ಕದಲ್ಲಿ ನಿಂತವರು ಮಾತ್ರ ಕಲಿಯಬಲ್ಲರು. ಮಾಂಗಲ್ಯಧಾರಣೆಯನ್ನು ಮತ್ತೊಮ್ಮೆ ಮಾಡಿಸಲು ಬರುವುದಿಲ್ಲವಾದ್ದರಿಂದ ಅಲ್ಲಿ ಬರುವ ಶಿಸ್ತೇ ಬೇರೆ.

ಪ್ರಶ್ನೆ (ಹೊನ್ನಾವರದಿಂದ):

ಯಕ್ಷಗಾನದ ಚಿತ್ರ ತೆಗೆಯುವಾಗ ಕೆಲವೊಮ್ಮೆ ಚಿತ್ರದ ತುಂಬಾ ಅಡ್ಡ ಪಟ್ಟೆಗಳು ಬರುತ್ತವೆ. ಕ್ಯಾಮೆರಾ ಕೆಟ್ಟಿದೆಯೇ ಸರ್?

ಉತ್ತರ:

ಕೆಟ್ಟಿಲ್ಲ. ನಮ್ಮ ವಿದ್ಯುತ್ತು 50 ಹರ್ಟ್ಜ್‌ನದು. ರಂಗಸ್ಥಳದ ಅನೇಕ ಎಲ್‌ಇಡಿ ದೀಪಗಳು ಕಣ್ಣಿಗೆ ಕಾಣದಂತೆ ಸೆಕೆಂಡಿಗೆ 100 ಸಲ ಮಿನುಗುತ್ತಿರುತ್ತವೆ. ಶಟರ್ ಅದಕ್ಕಿಂತ ವೇಗವಾದಾಗ ಸೆನ್ಸರಿನ ಒಂದು ಭಾಗಕ್ಕೆ ಬೆಳಕು ಹೆಚ್ಚು, ಇನ್ನೊಂದು ಭಾಗಕ್ಕೆ ಕಡಿಮೆ ಬಿದ್ದು ಪಟ್ಟೆ ಮೂಡುತ್ತದೆ. ಮಿರರ್‌ಲೆಸ್ ಕ್ಯಾಮೆರಾ ಆಗಿದ್ದರೆ ಎಲೆಕ್ಟ್ರಾನಿಕ್ ಶಟರ್ ಬಿಟ್ಟು ಮೆಕ್ಯಾನಿಕಲ್ ಶಟರ್ ಬಳಸಿ, ಶಟರ್ ಅನ್ನು 1/100 ಸೆಕೆಂಡಿಗೆ ಇಡಿ. ಅಷ್ಟು ನಿಧಾನದಲ್ಲಿ ದಿಗಿಣ, ಅಂದರೆ ಹಾರಿ ಸುತ್ತುವ ಕುಣಿತ, ಸ್ಪಷ್ಟವಾಗಿ ಸಿಗುವುದಿಲ್ಲ, ನಿಜ. ಆದ್ದರಿಂದ ಭಾಗವತರ ಪದ್ಯಕ್ಕೆ ಕಿವಿಗೊಟ್ಟು, ಚೆಂಡೆಯ ಮುಕ್ತಾಯದ ಪೆಟ್ಟಿಗೆ ಕಲಾವಿದರು ನಿಲುವು ಕೊಟ್ಟು ಕಣ್ಣರಳಿಸುವ ಕ್ಷಣಕ್ಕೆ ಬೆರಳನ್ನು ಸಿದ್ಧವಾಗಿಟ್ಟುಕೊಳ್ಳಿ. ಹಿನ್ನೆಲೆ ಕತ್ತಲಾಗಿರುವುದರಿಂದ ಮೀಟರ್ ಮೋಸಹೋಗಿ ಮುಖವರ್ಣಿಕೆಯನ್ನು ಬೆಳ್ಳಗೆ ಮಾಡಿಬಿಡುತ್ತದೆ, ಹಾಗಾಗಿ ಇಲ್ಲಿ ಮ್ಯಾನ್ಯುಯಲ್ ಮೋಡ್ ಬಳಸಿ, ಪಾತ್ರಗಳು ರಂಗಕ್ಕೆ ಬರುವ ಒಡ್ಡೋಲಗದ ಹೊತ್ತಿಗೇ ಅಂಕಿಗಳನ್ನು ಗೊತ್ತುಮಾಡಿಕೊಳ್ಳಿ. ಫ್ಲ್ಯಾಶ್ ಬೇಡವೇ ಬೇಡ. ಕಲಾವಿದರ ಕಣ್ಣಿಗೂ ಹಿಂದೆ ಕುಳಿತವರಿಗೂ ತೊಂದರೆ. ಪಟ್ಟೆ ಬಂದ ಒಂದು ಚಿತ್ರವನ್ನು ಅದರ ಅಂಕಿಗಳ ಸಮೇತ ಇಲ್ಲಿ ಹಾಕಿದರೆ ಯಾವ ಶಟರ್ ಹೊಂದುತ್ತದೆ ಎಂದು ನೋಡಿ ಹೇಳುತ್ತೇನೆ.